ಕಡ್ಡಿಚಿತ್ರದ ವಿಜ್ಞಾನ: ಏಕವ್ಯಕ್ತಿ ಸಚಿತ್ರ ವಿಜ್ಞಾನ ಸಂವಹನದ ಒಂದು ಜಾನಪದೀಯ ವಿಮರ್ಶೆ

1. ಪ್ರವೇಶ

ಜಾನಪದವೆಂದರೆ ಗ್ರಾಮೀಣರ, ಅನಕ್ಷರಸ್ಥರ, ಗತಕಾಲದ ಸಂಪತ್ತು ಎಂಬ ಗ್ರಹಿಕೆಯನ್ನು ಜಾನಪದ ಅಧ್ಯಯನವು ಅರ್ಧ ಶತಮಾನದ ಹಿಂದೆಯೇ ಕೈಬಿಟ್ಟಿದೆ. 1971ರಲ್ಲಿ ಡಾನ್ ಬೆನ್-ಅಮೋಸ್ ಅವರು ಜಾನಪದವನ್ನು ಸಂಗ್ರಹಿಸಿಡಬಹುದಾದ ವಸ್ತುವಾಗಿ ನೋಡದೆ, ಸಣ್ಣ ಗುಂಪುಗಳೊಳಗೆ ನಡೆಯುವ ಕಲಾತ್ಮಕ ಸಂವಹನವನ್ನಾಗಿ ಪರಿಭಾವಿಸಿದರು. ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ ಅವರು 1975ರಲ್ಲಿ ಪ್ರಕಟಿಸಿದ ಸಂಕಲನವು ಅಮೆರಿಕದ ಕಚೇರಿಗಳಲ್ಲಿ ಜೆರಾಕ್ಸ್ ಯಂತ್ರದ ಮೂಲಕ ಕೈಯಿಂದ ಕೈಗೆ ಹರಿದಾಡುತ್ತಿದ್ದ ವ್ಯಂಗ್ಯಚಿತ್ರ, ಅಣಕು ಸುತ್ತೋಲೆ, ಹುಸಿ ಪ್ರಮಾಣಪತ್ರಗಳನ್ನು ಜಾನಪದ ಸಾಮಗ್ರಿಯೆಂದೇ ಪರಿಗಣಿಸಿತು. ಅಕ್ಷರ, ಯಂತ್ರ, ನಗರ ಇವು ಮೂರೂ ಜಾನಪದಕ್ಕೆ ವೈರಿಗಳಲ್ಲ ಎಂಬುದನ್ನು ಆ ಸಂಕಲನ ಸಾಧಾರವಾಗಿ ತೋರಿಸಿತು.

ಜೆರಾಕ್ಸ್ ಯಂತ್ರದ ಸ್ಥಾನವನ್ನು ಅಂತರಜಾಲ ಆಕ್ರಮಿಸಿಕೊಂಡ ಬಳಿಕ ಈ ಚರ್ಚೆ ಹೊಸ ತಿರುವನ್ನು ಪಡೆದಿದೆ. ಕಚೇರಿಯ ಗೋಡೆಗೆ ಅಂಟಿಸಿದ ಚಿತ್ರಕ್ಕೆ ಕರ್ತೃವಿರಲಿಲ್ಲ. ಇಂದು ಪ್ರಯೋಗಾಲಯಗಳ ಬಾಗಿಲ ಮೇಲೆ, ಅಧ್ಯಾಪಕರ ಕೊಠಡಿಗಳಲ್ಲಿ ಅಂಟಿಸಲಾಗುವ ಚಿತ್ರಗಳಿಗೆ ಕರ್ತೃವಿದ್ದಾನೆ. ಅವನ ಹೆಸರು ಎಲ್ಲರಿಗೂ ಗೊತ್ತಿದೆ. ಆದರೂ ಆ ಚಿತ್ರಗಳು ಸಂಚರಿಸುವ ರೀತಿ, ಬೆಳೆಯುವ ರೀತಿ, ಮಾತಿನೊಳಗೆ ನುಡಿಗಟ್ಟಾಗಿ ಉಳಿಯುವ ರೀತಿ ಜಾನಪದದ್ದೇ ಆಗಿದೆ. ಈ ವೈರುಧ್ಯವನ್ನು ಪರಿಶೀಲಿಸಲು ಅಮೆರಿಕದ ರಾಂಡಲ್ ಮನ್ರೋ ಅವರು 2005ರಿಂದ ಒಬ್ಬರೇ ನಡೆಸಿಕೊಂಡು ಬಂದಿರುವ ‘ಎಕ್ಸ್‌ಕೆಸಿಡಿ’ ಎಂಬ ಅಂತರಜಾಲ ಚಿತ್ರಮಾಲಿಕೆಯನ್ನು ಇಲ್ಲಿ ಆಯ್ದುಕೊಳ್ಳಲಾಗಿದೆ. ಒಬ್ಬ ವ್ಯಕ್ತಿ ಸಂಸ್ಥೆಯ ಬೆಂಬಲವಿಲ್ಲದೆ ವಿಜ್ಞಾನವನ್ನು ಚಿತ್ರಿಸಿ ಹೇಳಿದಾಗ ಆ ಮಾತಿಗೆ ನಂಬಿಕೆ ಎಲ್ಲಿಂದ ಬರುತ್ತದೆ, ಸಮುದಾಯ ಅದನ್ನು ತನ್ನದಾಗಿಸಿಕೊಂಡಾಗ ಆ ನಂಬಿಕೆಗೆ ಏನಾಗುತ್ತದೆ ಎಂಬುದು ಪ್ರಸ್ತುತ ಲೇಖನದ ಮುಖ್ಯ ಪ್ರಶ್ನೆ.

2. ಮಾಲಿಕೆಯ ಸ್ವರೂಪ

ಭೌತಶಾಸ್ತ್ರದ ಪದವೀಧರರಾದ ಮನ್ರೋ ಅವರು ನಾಸಾದ ಲ್ಯಾಂಗ್ಲಿ ಸಂಶೋಧನಾ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ರೋಬಾಟ್ ಸಂಬಂಧಿತ ಕೆಲಸ ಮಾಡುತ್ತಿದ್ದವರು. ವಿದ್ಯಾರ್ಥಿ ದೆಸೆಯ ನೋಟುಪುಸ್ತಕಗಳ ಅಂಚಿನಲ್ಲಿ ಗೀಚಿದ ಚಿತ್ರಗಳನ್ನು 2005ರ ಸೆಪ್ಟೆಂಬರಿನಲ್ಲಿ ಅಂತರಜಾಲಕ್ಕೆ ಏರಿಸಿದ್ದೇ ಮಾಲಿಕೆಯ ಆರಂಭ. 2006ರಲ್ಲಿ ಗುತ್ತಿಗೆ ಮುಗಿದ ನಂತರ ಅದೇ ಅವರ ಪೂರ್ಣಾವಧಿ ವೃತ್ತಿಯಾಯಿತು. ಸೋಮವಾರ, ಬುಧವಾರ, ಶುಕ್ರವಾರ ಹೀಗೆ ವಾರಕ್ಕೆ ಮೂರು ಚಿತ್ರಗಳು ಎಂಬ ನಿಯಮದಲ್ಲಿ ಬೆಳೆದ ಮಾಲಿಕೆ 2024ರಲ್ಲಿ ಮೂರು ಸಾವಿರದ ಸಂಖ್ಯೆಯನ್ನು ದಾಟಿತು. ಮಾಲಿಕೆಯ ಹೆಸರಿಗೆ ಯಾವ ಅರ್ಥವೂ ಇಲ್ಲ. ಅದು ಒಂದು ಪದವಾಗಿ ಉಚ್ಚರಿಸಲಾಗದ ನಾಲ್ಕು ಅಕ್ಷರಗಳ ಜೋಡಣೆ ಮಾತ್ರ.

ಚಿತ್ರಗಳನ್ನು ವಾಣಿಜ್ಯೇತರ ಉದ್ದೇಶಕ್ಕೆ ಯಾರು ಬೇಕಾದರೂ ಕರ್ತೃವಿನ ಹೆಸರಿನೊಂದಿಗೆ ಬಳಸಿಕೊಳ್ಳಬಹುದೆಂಬ ಮುಕ್ತ ಪರವಾನಗಿಯಡಿ ಮನ್ರೋ ಪ್ರಕಟಿಸುತ್ತಾರೆ. ಚಿತ್ರ ಉಚಿತ, ಜೀವನೋಪಾಯ ಮುದ್ರಿತ ಪ್ರತಿಗಳು, ಅಂಗಿಗಳು ಹಾಗೂ ಪುಸ್ತಕಗಳ ಮಾರಾಟದಿಂದ. ಓದುಗರು ಕಳಿಸುವ ಅಸಂಬದ್ಧ ಪ್ರಶ್ನೆಗಳಿಗೆ ಗಂಭೀರವಾದ ಭೌತಶಾಸ್ತ್ರೀಯ ಉತ್ತರ ನೀಡುವ ‘ವಾಟ್ ಇಫ್’ ಎಂಬ ಉಪಮಾಲಿಕೆ 2012ರಲ್ಲಿ ಆರಂಭವಾಗಿ 2014ರಲ್ಲಿ ಪುಸ್ತಕವಾಯಿತು. ‘ಥಿಂಗ್ ಎಕ್ಸ್‌ಪ್ಲೇನರ್’ (2015), ‘ಹೌ ಟು’ (2019), ‘ವಾಟ್ ಇಫ್ 2’ (2022) ಅನಂತರದ ಪುಸ್ತಕಗಳು. ಉಚಿತವಾಗಿ ಹಾಡಿ, ಸಮುದಾಯದ ಪ್ರೀತಿಯಿಂದ ಬದುಕುವ ಕಲಾವಿದನ ಹಳೆಯ ಆರ್ಥಿಕ ಮಾದರಿಯ ಛಾಯೆ ಇಲ್ಲಿ ಕಂಡರೂ ಒಂದು ಮುಖ್ಯ ವ್ಯತ್ಯಾಸವಿದೆ: ಇಲ್ಲಿ ಊರಿಲ್ಲ, ಊರಿನ ಕಟ್ಟುಪಾಡೂ ಇಲ್ಲ.

3. ರೇಖೆ ಮತ್ತು ಪುನರಾವರ್ತನೆ

ಮಾಲಿಕೆಯ ಪಾತ್ರಗಳು ಮುಖವಿಲ್ಲದ ಕಡ್ಡಿಚಿತ್ರಗಳು. ಒಂದು ವೃತ್ತ, ಐದಾರು ಗೆರೆ. ಇದನ್ನು ಚಿತ್ರಕಲೆಯ ದಾರಿದ್ರ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ರೇಖೆಯ ಈ ಮಿತವ್ಯಯಕ್ಕೆ ಒಂದು ಉದ್ದೇಶವಿದೆ. ಜನಪದ ಕಥೆಯಲ್ಲಿ ‘ಒಬ್ಬ ರಾಜ’ ಎಂದಾಗ ರಾಜನ ಮುಖಲಕ್ಷಣ ಯಾರಿಗೂ ಬೇಕಾಗುವುದಿಲ್ಲ. ಕಥನದ ಕ್ರಿಯೆಯಷ್ಟೇ ಮುಖ್ಯವಾಗುತ್ತದೆ. ಅದೇ ರೀತಿ ಇಲ್ಲಿ ಪಾತ್ರ ಹಿಂದೆ ಸರಿದು ತರ್ಕ ಮುಂದೆ ಬರುತ್ತದೆ.

2011ರ ಏಪ್ರಿಲಿನಲ್ಲಿ ಪ್ರಕಟವಾದ ‘ಸಿಗ್ನಿಫಿಕಂಟ್’ ಎಂಬ ಚಿತ್ರ ಇದಕ್ಕೆ ಉತ್ತಮ ನಿದರ್ಶನ. ಜೆಲ್ಲಿ ಬೀನ್ ಎಂಬ ಮಿಠಾಯಿ ತಿಂದರೆ ಮೊಡವೆ ಬರುತ್ತದೆ ಎಂಬ ಮಾತನ್ನು ವಿಜ್ಞಾನಿಗಳು ಪರೀಕ್ಷಿಸುತ್ತಾರೆ. ಸಂಬಂಧ ಕಂಡುಬರುವುದಿಲ್ಲ. ಯಾವುದೋ ಒಂದು ಬಣ್ಣದ ಮಿಠಾಯಿ ಮಾತ್ರ ಕಾರಣವಂತೆ ಎಂಬ ಹೊಸ ಮಾತು ಹುಟ್ಟುತ್ತದೆ. ಇಪ್ಪತ್ತು ಬಣ್ಣಗಳ ಪರೀಕ್ಷೆ ಇಪ್ಪತ್ತು ಚೌಕಟ್ಟುಗಳಲ್ಲಿ ಬಹುತೇಕ ಒಂದೇ ಮಾತಿನಲ್ಲಿ ಸಾಗುತ್ತದೆ. ಹಸಿರು ಬಣ್ಣದ್ದಕ್ಕೆ ಮಾತ್ರ ಸಂಬಂಧ ‘ಕಂಡುಬರುತ್ತದೆ’. ಮರುದಿನ ಅದೇ ಪತ್ರಿಕೆಯ ತಲೆಬರಹ. ಶೇಕಡ 5ರ ಮಟ್ಟದಲ್ಲಿ ಪರಸ್ಪರ ಸ್ವತಂತ್ರವಾದ ಇಪ್ಪತ್ತು ಪರೀಕ್ಷೆ ನಡೆಸಿದರೆ, ನಿಜವಾದ ಸಂಬಂಧವೇ ಇಲ್ಲದಿದ್ದರೂ ಒಂದಾದರೂ ಹುಸಿ ಫಲಿತಾಂಶ ದೊರೆಯುವ ಸಂಭಾವ್ಯತೆ ಸುಮಾರು ಶೇಕಡ 64. ಸಂಖ್ಯಾಶಾಸ್ತ್ರದ ಈ ಸತ್ಯವನ್ನು ಸೂತ್ರದಿಂದ ಕಲಿತವನು ಮರೆಯಬಹುದು. ಇಪ್ಪತ್ತು ಚೌಕಟ್ಟುಗಳ ಬೇಸರವನ್ನು ಅನುಭವಿಸಿದವನು ಮರೆಯುವುದಿಲ್ಲ.

1909ರಲ್ಲಿ ಆಕ್ಸೆಲ್ ಓಲ್ರಿಕ್ ಅವರು ಜನಪದ ಕಥನದ ನಿಯಮಗಳನ್ನು ನಿರೂಪಿಸುವಾಗ ಪುನರಾವರ್ತನೆಯನ್ನು ಪ್ರಧಾನ ನಿಯಮಗಳಲ್ಲಿ ಒಂದಾಗಿ ಗುರುತಿಸಿದ್ದರು. ಸರಪಳಿ ಕಥೆಗಳಲ್ಲಿ ಪುನರಾವರ್ತನೆ ಕೇವಲ ಅಲಂಕಾರವಲ್ಲ, ಅದೇ ಕಥೆಯ ಅರ್ಥ. ಮನ್ರೋ ಅವರ ಚಿತ್ರದಲ್ಲಿಯೂ ಅಷ್ಟೇ: ಪುನರಾವರ್ತನೆಯೇ ಅಲ್ಲಿನ ವಿಜ್ಞಾನ. ಸಂಖ್ಯಾಶಾಸ್ತ್ರದ ಬೋಧನೆಯಲ್ಲಿ ಈ ಚಿತ್ರ ಮತ್ತೆ ಮತ್ತೆ ಬಳಕೆಯಾಗಿರುವುದಕ್ಕೆ ಅದರ ಹಾಸ್ಯಕ್ಕಿಂತ ಈ ರಾಚನಿಕ ಗುಣವೇ ಕಾರಣವೆನ್ನಬಹುದು.

ಮಾಲಿಕೆಯ ಇನ್ನೊಂದು ವೈಶಿಷ್ಟ್ಯ ಚಿತ್ರದ ಮೇಲೆ ಮೌಸ್ ಬಾಣವನ್ನು ನಿಲ್ಲಿಸಿದಾಗ ಮೂಡುವ ಅಡಗಿದ ವಾಕ್ಯ. ಚಿತ್ರ ಹೇಳಿದ್ದನ್ನು ಈ ವಾಕ್ಯ ಕೆಲವೊಮ್ಮೆ ಮುಂದುವರಿಸುತ್ತದೆ, ಕೆಲವೊಮ್ಮೆ ಗೇಲಿ ಮಾಡುತ್ತದೆ. ಕರ್ನಾಟಕದ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಈ ತಂತ್ರ ಅಪರಿಚಿತವಲ್ಲ. ಅಲ್ಲಿ ರಾಮಾಯಣದ ಗಂಭೀರ ಪ್ರಸಂಗದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕರ ಗೊಂಬೆಗಳು ಪರದೆಯ ಮೇಲೆ ಬಂದು ನಡೆದದ್ದನ್ನೆಲ್ಲ ಲೋಕದ ಮಾತಿನಲ್ಲಿ ಕುಟುಕುತ್ತವೆ. ಎರಡರ ನಡುವೆ ಚಾರಿತ್ರಿಕ ಸಂಬಂಧವನ್ನು ಕಲ್ಪಿಸುವ ಅಗತ್ಯವಿಲ್ಲ. ಅಧಿಕೃತ ಜ್ಞಾನವನ್ನು ಜನರ ಮುಂದಿಡುವವನು ಆ ಅಧಿಕೃತತೆಯನ್ನು ತಾನೇ ಕೊಂಚ ಸಡಿಲಿಸಿದಾಗ ಮಾತ್ರ ಕೇಳುಗ ಹತ್ತಿರ ಬರುತ್ತಾನೆ ಎಂಬ ಪ್ರದರ್ಶನ ತತ್ತ್ವ ಎರಡಕ್ಕೂ ಸಮಾನವಾದದ್ದು.

4. ಬಾಳೆಹಣ್ಣು ಮತ್ತು ವಿಕಿರಣ

ಏಕವ್ಯಕ್ತಿ ಸಂವಹನದ ನಿಜವಾದ ಪರೀಕ್ಷೆ ನಡೆಯುವುದು ಬಿಕ್ಕಟ್ಟಿನ ಕಾಲದಲ್ಲಿ. 2011ರ ಮಾರ್ಚಿಯಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತ ಸಂಭವಿಸಿದಾಗ ಸುದ್ದಿಮಾಧ್ಯಮಗಳಲ್ಲಿ ಮಿಲಿಸೀವರ್ಟ್, ಮೈಕ್ರೊಸೀವರ್ಟ್ ಎಂಬ ಪದಗಳು ಹರಿದಾಡಿದವು. ಅವುಗಳ ಪ್ರಮಾಣ ಎಷ್ಟೆಂಬುದು ಸಾಮಾನ್ಯರಿಗೆ ತಿಳಿಯುವಂತಿರಲಿಲ್ಲ. ಸಂಶೋಧನಾ ರಿಯಾಕ್ಟರೊಂದರ ನಿರ್ವಾಹಕಿಯಾಗಿದ್ದ ಗೆಳತಿಯ ಸಲಹೆ ಮತ್ತು ನೆರವಿನಿಂದ ಮನ್ರೋ ಒಂದು ವಿಕಿರಣ ಪ್ರಮಾಣಪಟ್ಟಿಯನ್ನು ರಚಿಸಿ, ಅದನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಿದರು. ಒಂದು ಬಾಳೆಹಣ್ಣು ತಿಂದರೆ 0.1 ಮೈಕ್ರೊಸೀವರ್ಟ್, ಎದೆಯ ಎಕ್ಸ್‌ರೇಗೆ 20, ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ಗೆ ವಿಮಾನಯಾನ ಮಾಡಿದರೆ 40, ಅಮೆರಿಕದ ವಿಕಿರಣ ಕಾರ್ಮಿಕರಿಗೆ ವಾರ್ಷಿಕ ಮಿತಿ 50 ಮಿಲಿಸೀವರ್ಟ್, ಚಿಕಿತ್ಸೆ ನೀಡಿದರೂ ಉಳಿಯದ ಪ್ರಮಾಣ 8 ಸೀವರ್ಟ್ ಹೀಗೆ ಅದು ಸಾಗುತ್ತದೆ. ಪ್ರತಿ ಪ್ರಮಾಣವೂ ಬಣ್ಣದ ಸಣ್ಣ ಚೌಕಗಳ ಗುಂಪು. ಒಂದು ಬಣ್ಣದ ಇಡೀ ರಾಶಿ ಮುಂದಿನ ಬಣ್ಣದ ಕೆಲವೇ ಚೌಕಗಳಾಗಿ ಕುಗ್ಗುತ್ತದೆ. ಕೋಟಿ ಪಟ್ಟಿನ ಅಂತರವೊಂದನ್ನು ಒಂದೇ ಹಾಳೆಯಲ್ಲಿ ಕಣ್ಣಿಗೆ ನಿಲುಕಿಸಿದ್ದು ಅದರ ಸಾಧನೆ.

ಅದಕ್ಕಿಂತ ಗಮನಾರ್ಹವಾದದ್ದು ಪಟ್ಟಿಯ ತಳಭಾಗ. ಆಕರಗಳ ಉಲ್ಲೇಖ, ತಪ್ಪುಗಳು ನುಸುಳಿರಬಹುದೆಂಬ ಒಪ್ಪಿಗೆ, ಇದು ಸಾಮಾನ್ಯ ತಿಳಿವಳಿಕೆಗೆ ಮಾತ್ರ ಮೀಸಲೆಂಬ ಎಚ್ಚರಿಕೆ ಇವೆಲ್ಲವೂ ಚಿತ್ರದೊಳಗೇ ಬರೆಯಲ್ಪಟ್ಟಿವೆ. ಚಿತ್ರ ಎಲ್ಲಿಗೆ ಹೋದರೂ ಎಚ್ಚರಿಕೆ ಅದರ ಬೆನ್ನಿಗಿರುತ್ತದೆ. ಸಂಚಾರದಲ್ಲಿ ಪಠ್ಯ ತನ್ನ ಸಂದರ್ಭವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಜಾನಪದ ವಿದ್ವಾಂಸರು ಕ್ಷೇತ್ರಕಾರ್ಯದಿಂದ ಕಲಿತರು. ಅದನ್ನು ಮುಂಗಂಡು ಸಂದರ್ಭವನ್ನೇ ಪಠ್ಯಕ್ಕೆ ಹೊಲಿದ ಕ್ರಮ ಇದು. ಸಂಸ್ಥೆಯ ಮುದ್ರೆಯಿಲ್ಲದವನಿಗೆ ದೊರೆಯುವ ನಂಬಿಕೆಯ ಮೂಲ ಇಲ್ಲಿದೆ: ಆತ ತನ್ನ ಜ್ಞಾನವನ್ನಷ್ಟೇ ಅಲ್ಲ, ಅದರ ಎಲ್ಲೆಯನ್ನೂ ಚಿತ್ರಿಸುತ್ತಾನೆ.

2016ರ ಸೆಪ್ಟೆಂಬರಿನ ಭೂತಾಪಮಾನದ ಕಾಲರೇಖೆಯೂ ಇದೇ ಜಾತಿಯದು. ಕ್ರಿ.ಪೂ. 20,000ದಿಂದ ಆರಂಭವಾಗುವ ಚುಕ್ಕಿಗೆರೆ ಮಾರುದ್ದದ ಪುಟದಲ್ಲಿ ನಿಧಾನವಾಗಿ ಎಡಬಲಕ್ಕೆ ಓಲಾಡುತ್ತ ಕೆಳಗಿಳಿದು, ಕೊನೆಯ ಒಂದು ಶತಮಾನದಲ್ಲಿ ಥಟ್ಟನೆ ಬಲಕ್ಕೆ ಹೊರಳುತ್ತದೆ. ಓದುಗ ತನ್ನ ಬೆರಳಿನಿಂದ ಇಪ್ಪತ್ತೆರಡು ಸಾವಿರ ವರ್ಷಗಳನ್ನು ಉರುಳಿಸಬೇಕು. ಬದಲಾವಣೆಯ ವೇಗ ಅಂಕಿಯಾಗಿ ಉಳಿಯದೆ ಕೈಯ ಅನುಭವವಾಗುತ್ತದೆ. ಅಲ್ಪಕಾಲದ ಏರಿಳಿತಗಳನ್ನು ಇಂಥ ಪುನಾರಚನೆಗಳು ಸಮತಟ್ಟುಗೊಳಿಸಿರಬಹುದೆಂಬ ಮಿತಿಯನ್ನು ಚಿತ್ರದ ನಡುವೆಯೇ ವಿವರಿಸಲಾಗಿದೆ. ಅದೇ ರೇಖೆಯ ಪಕ್ಕದಲ್ಲಿ ಕಾಲ್ಪನಿಕ ಪ್ರಾಣಿಗಳಾದ ಪೋಕೆಮಾನ್‌ಗಳು ಉತ್ತರ ಅಮೆರಿಕದಲ್ಲಿ ಅಳಿದವೆಂಬ ಕೀಟಲೆಯೂ ಇದೆ. ಬಲ್ಲವರಿಗೆ ಅದು ನಗು. ಅರಿಯದವರಿಗೆ? ಸತ್ಯದ ಸಾಲಿನಲ್ಲಿ ಸುಳ್ಳನ್ನು ಕೂರಿಸುವ ಸಲುಗೆ, ಗುಂಪಿನೊಳಗಿನವರನ್ನು ಮಾತ್ರ ಓದುಗರೆಂದು ಭಾವಿಸಿದಾಗ ಹುಟ್ಟುವಂಥದು.

ವಿಕಿರಣ ಪಟ್ಟಿಯ ಬಗೆಗೂ ಆಕ್ಷೇಪಗಳಿಗೆ ಅವಕಾಶವಿದೆ. ಬಾಳೆಹಣ್ಣಿನ ವಿಕಿರಣಕ್ಕೆ ಕಾರಣ ಅದರ ಪೊಟ್ಯಾಸಿಯಂ. ದೇಹ ಪೊಟ್ಯಾಸಿಯಂ ಪ್ರಮಾಣವನ್ನು ಹೆಚ್ಚುಕಡಮೆ ಸ್ಥಿರವಾಗಿ ಕಾಯ್ದುಕೊಂಡು ಹೆಚ್ಚಾದುದನ್ನು ಹೊರಹಾಕುವುದರಿಂದ, ಹಣ್ಣು ತಿಂದಷ್ಟೂ ವಿಕಿರಣ ದೇಹದಲ್ಲಿ ಕೂಡುತ್ತ ಹೋಗುವುದಿಲ್ಲ. ಗಂಟಲಗ್ರಂಥಿಯಲ್ಲಿ ಸಂಗ್ರಹವಾಗುವ ವಿಕಿರಣಶೀಲ ಅಯೋಡಿನ್ನಿನ ಸಂಗತಿ ಬೇರೆ. ಚೌಕಗಳ ಲೆಕ್ಕ ಈ ಭೇದವನ್ನು ಕಾಣಿಸಲಾರದು. ಕೆಲವೇ ಗಂಟೆಗಳ ಮತ್ತು ಇಡೀ ವರ್ಷದ ಪ್ರಮಾಣಗಳು ಅಲ್ಲಿ ಒಂದೇ ಬಗೆಯ ಚೌಕಗಳಾಗುತ್ತವೆ. ಉಪಮೆ ಅರ್ಥವನ್ನು ಬೆಳಗುವಂತೆಯೇ ಮರೆಮಾಡಲೂಬಲ್ಲದು.

5. ಒಗಟಿನ ಮಾದರಿಯ ವಿವರಣೆ

2012ರಲ್ಲಿ ಮನ್ರೋ ಅವರು ಸ್ಯಾಟರ್ನ್ 5 ರಾಕೆಟ್ಟಿನ ನಕ್ಷೆಯನ್ನು ಇಂಗ್ಲಿಷಿನ ಅತಿ ಬಳಕೆಯ ಒಂದು ಸಾವಿರ ಪದಗಳಿಂದಷ್ಟೇ ವಿವರಿಸಿದರು. 2015ರ ‘ಥಿಂಗ್ ಎಕ್ಸ್‌ಪ್ಲೇನರ್’ ಈ ನಿಯಮದ ವಿಸ್ತರಣೆ. ಜೀವಕೋಶ ಅಲ್ಲಿ ನೀರಿನ ಪುಟ್ಟ ಚೀಲವಾಗುತ್ತದೆ. ಬಾಹ್ಯಾಕಾಶ ನಿಲ್ದಾಣ ಹಲವರು ಹಂಚಿಕೊಂಡ ಮನೆಯಾಗುತ್ತದೆ. ಇದರ ಕೆಲವು ಪುಟಗಳನ್ನು ಅಮೆರಿಕದ ಪ್ರೌಢಶಾಲಾ ವಿಜ್ಞಾನ ಪಠ್ಯಗಳಲ್ಲಿ ಅಳವಡಿಸುವ ನಿರ್ಧಾರವನ್ನು ಪ್ರಕಾಶಕರು 2016ರಲ್ಲಿ ಪ್ರಕಟಿಸಿದರು.

ಜಾನಪದದ ದೃಷ್ಟಿಯಲ್ಲಿ ಇದು ಒಗಟಿನ ರಚನೆ. ರಾಬರ್ಟ್ ಜಾರ್ಜಸ್ ಮತ್ತು ಡಂಡೆಸ್ 1963ರಲ್ಲಿ ತೋರಿಸಿದಂತೆ ಒಗಟೆಂದರೆ ವರ್ಣನೆಯ ಅಂಶಗಳಿದ್ದು, ವರ್ಣಿತ ವಸ್ತುವನ್ನು ಊಹಿಸಲು ಬಿಡುವ ಅಭಿವ್ಯಕ್ತಿ. ಮನ್ರೋ ಅವರಲ್ಲಿ ಚಿತ್ರ ಉತ್ತರವನ್ನು ಕೊಟ್ಟುಬಿಡುತ್ತದೆ, ಮಾತು ಒಗಟಾಗಿಯೇ ಉಳಿಯುತ್ತದೆ. ಹೆಸರು ಗೊತ್ತಿದ್ದವನಿಗೆ ಪರಿಚಿತ ವಸ್ತು ಹೊಸದಾಗಿ ಕಾಣುವ ಸಂತೋಷ ದೊರೆಯುತ್ತದೆ. ಹೆಸರೇ ಗೊತ್ತಿಲ್ಲದ ಕಲಿಕೆಯ ಮಗುವಿಗೆ ವಿವರಣೆ ದೊರೆತರೂ ಮುಂದಿನ ದಾರಿ ದೊರೆಯುವುದಿಲ್ಲ. ಶಬ್ದಕೋಶದಲ್ಲಿ, ಸೂಚಿಯಲ್ಲಿ, ಗ್ರಂಥಾಲಯದ ಪಟ್ಟಿಕೆಯಲ್ಲಿ ಹುಡುಕಲು ಬೇಕಾದದ್ದು ಹೆಸರು. ಸರಳತೆಯ ಹೆಸರಿನಲ್ಲಿ ಹೆಸರನ್ನೇ ತೆಗೆದುಹಾಕಿದರೆ ಜ್ಞಾನದ ಬಾಗಿಲು ತೆರೆದೂ ಮೆಟ್ಟಿಲು ಇಲ್ಲದಂತಾಗುತ್ತದೆ.

ಈ ಪ್ರಶ್ನೆ ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ್ದು. ಕನ್ನಡದ ವಿಜ್ಞಾನ ಬರವಣಿಗೆ ದ್ಯುತಿಸಂಶ್ಲೇಷಣೆಯಂತಹ ಸಂಸ್ಕೃತನಿಷ್ಠ ಪರಿಭಾಷೆ ಹಾಗೂ ಆಡುಮಾತಿನ ವಿವರಣೆ ಇವುಗಳ ನಡುವೆ ಸದಾ ತೂಗಾಡಿದೆ. ಕನ್ನಡದಲ್ಲಿಯೂ ಏಕವ್ಯಕ್ತಿ ವಿಜ್ಞಾನ ಸಂವಹನಕ್ಕೆ ಗಟ್ಟಿಯಾದ ಪರಂಪರೆಯಿದೆ. ಶಿವರಾಮ ಕಾರಂತರು ‘ಬಾಲ ಪ್ರಪಂಚ’ ಮತ್ತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಒಬ್ಬರೇ ಸಿದ್ಧಪಡಿಸಿದರು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ವಿನಲ್ಲಿ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ತಾವೇ ಬರೆದರು, ತಾವೇ ಚಿತ್ರಿಸಿದರು. ಸ್ವಾಮಿಯವರ ರೇಖೆ ಗಿಡವನ್ನು ಗುರುತಿಸಲು ನೆರವಾಗುವ ರೇಖೆ. ಅವರ ಹಾಸ್ಯ ಎಷ್ಟೇ ಹರಿದರೂ ಗಿಡದ ಶಾಸ್ತ್ರೀಯ ಹೆಸರಾಗಲಿ ನೆಲದ ಹೆಸರಾಗಲಿ ಕೈತಪ್ಪುವುದಿಲ್ಲ. ಹೆಸರನ್ನು ಉಳಿಸಿಕೊಂಡೇ ಸರಳವಾಗುವ ಈ ಮಾರ್ಗ ಹೆಚ್ಚು ಕಷ್ಟದ್ದು ಮತ್ತು ಕನ್ನಡದ ಅಗತ್ಯಕ್ಕೆ ಹೆಚ್ಚು ಹತ್ತಿರದ್ದು.

6. ಸಮುದಾಯದ ಪಾಲು

ಪೀಟರ್ ಬೊಗತಿರೆವ್ ಮತ್ತು ರೋಮನ್ ಯಾಕಬ್ಸನ್ 1929ರ ತಮ್ಮ ಪ್ರಬಂಧದಲ್ಲಿ, ವ್ಯಕ್ತಿಯೊಬ್ಬ ಸೃಷ್ಟಿಸಿದ್ದು ಸಮುದಾಯದ ಒಪ್ಪಿಗೆಯ ಜರಡಿಯನ್ನು ಹಾದು ಉಳಿದಾಗ ಮಾತ್ರ ಜಾನಪದವಾಗುತ್ತದೆ ಎಂದು ವಾದಿಸಿದರು. ಮನ್ರೋ ಅವರ ಮೂರು ಸಾವಿರ ಚಿತ್ರಗಳಲ್ಲಿ ಬಹುಪಾಲು ಬಂದಂತೆಯೇ ಹಿಂದೆ ಸರಿದಿವೆ. ಕೆಲವು ಮಾತ್ರ ಸಮುದಾಯದ ಸ್ವತ್ತಾಗಿವೆ. ದತ್ತಸಂಚಯವನ್ನು ಅಳಿಸಿಹಾಕುವ ಆದೇಶವನ್ನೇ ತನ್ನ ಹೆಸರಿನಲ್ಲಿ ಅಡಗಿಸಿಕೊಂಡಿರುವ ಶಾಲಾಬಾಲಕ ‘ಬಾಬಿ ಟೇಬಲ್ಸ್’ 2007ರ ಒಂದು ಚಿತ್ರದ ಪಾತ್ರ. ಕಂಪ್ಯೂಟರ್ ತಂತ್ರಜ್ಞರ ನಡುವೆ ಆ ಹೆಸರು ಈಗ ಗಾದೆಯಂತೆ ಬಳಕೆಯಲ್ಲಿದೆ. ಚಿತ್ರ ನೋಡದವರೂ ಅದನ್ನು ಬಳಸುತ್ತಾರೆ. ಪ್ರತಿಯೊಂದು ಚಿತ್ರಕ್ಕೂ ಓದುಗರೇ ಟೀಕು ಬರೆದು ಬೆಳೆಸಿರುವ ಸಾಮೂಹಿಕ ವ್ಯಾಖ್ಯಾನಕೋಶವೂ ಇದೆ.

ಸಮುದಾಯದ ಸಹಭಾಗಿತ್ವಕ್ಕೆ 2010ರ ಬಣ್ಣಗಳ ಸಮೀಕ್ಷೆ ಅತ್ಯುತ್ತಮ ನಿದರ್ಶನ. ಪರದೆಯ ಮೇಲೆ ಮೂಡುವ ಬಣ್ಣಕ್ಕೆ ತೋಚಿದ ಹೆಸರು ಕೊಡಿ ಎಂದು ಮನ್ರೋ ಕೇಳಿದರು. 2,22,500 ಬಾರಿ ಓದುಗರು ಪಾಲ್ಗೊಂಡು ಐವತ್ತು ಲಕ್ಷಕ್ಕೂ ಹೆಚ್ಚು ಹೆಸರಿಸುವಿಕೆಗಳನ್ನು ದಾಖಲಿಸಿದರು. ಇದರಿಂದ 954 ಬಣ್ಣಗಳ ಪಟ್ಟಿ ಸಿದ್ಧವಾಯಿತು. ಮ್ಯಾಟ್‌ಪ್ಲಾಟ್‌ಲಿಬ್ ಎಂಬ, ವಿಜ್ಞಾನಿಗಳು ನಕ್ಷೆ ಬಿಡಿಸಲು ಬಳಸುವ ತಂತ್ರಾಂಶ ಈ ಹೆಸರುಗಳನ್ನು ಅಂಗೀಕರಿಸಿದೆ. 1969ರಲ್ಲಿ ಬರ್ಲಿನ್ ಮತ್ತು ಕೇ ಅವರು 98 ಭಾಷೆಗಳನ್ನು ಪರಿಶೀಲಿಸಿ ಹನ್ನೊಂದು ಮೂಲ ವರ್ಣವರ್ಗಗಳ ಸಿದ್ಧಾಂತವನ್ನು ಮಂಡಿಸಿದ್ದರು. ಆ ವಿದ್ವತ್ ಸಮೀಕ್ಷೆಗೂ ಈ ಹವ್ಯಾಸಿ ಸಮೀಕ್ಷೆಗೂ ಇರುವ ಅಂತರವನ್ನು ಮರೆಯಲಾಗದು. ಇಲ್ಲಿ ಪಾಲ್ಗೊಂಡವರು ಸ್ವಯಂಪ್ರೇರಿತರು, ಬಹುಮಟ್ಟಿಗೆ ಇಂಗ್ಲಿಷ್ ಬಲ್ಲವರು. ಕೆಲವರು ಅಶ್ಲೀಲ ಹೆಸರುಗಳನ್ನೂ ಕೊಟ್ಟರು. ಅದೇನಿದ್ದರೂ, ದತ್ತಾಂಶವನ್ನು ಇಡಿಯಾಗಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ರಮ ಅನೇಕ ಸಂಗ್ರಹ ಯೋಜನೆಗಳಿಗೆ ಮಾದರಿಯಾಗಬಲ್ಲದು. ನಿರೂಪಕರಿಂದ ಪಡೆದದ್ದನ್ನು ನಿರೂಪಕರಿಗೇ ಮರಳಿಸುವ ಹೊಣೆ ಜಾನಪದ ಕ್ಷೇತ್ರಕಾರ್ಯದಲ್ಲಿ ಮಾತಿನಲ್ಲಿರುವಷ್ಟು ಆಚರಣೆಯಲ್ಲಿಲ್ಲ.

7. ಮಿತಿಗಳು ಮತ್ತು ಸಂರಕ್ಷಣೆಯ ಪ್ರಶ್ನೆ

ಮಾಲಿಕೆಯ ಮೊದಲ ಮಿತಿ ಅದರ ಗುಂಪೇ. ಗಣಿತ, ಕಂಪ್ಯೂಟರ್, ಇಂಗ್ಲಿಷ್ ಈ ಮೂರನ್ನೂ ಬಲ್ಲವರ ನಗು ಇದು. ಒಳಗಿನವರನ್ನು ಬೆಸೆಯುವ ನಗು ಹೊರಗಿನವರನ್ನು ಇನ್ನಷ್ಟು ಹೊರಗಿಡುತ್ತದೆ. ಮುಖವಿಲ್ಲದ ಕಡ್ಡಿಚಿತ್ರ ಎಲ್ಲರದೂ ಹೌದೆಂಬ ವಾದವೂ ಪೂರ್ಣ ಸತ್ಯವಲ್ಲ. ಗೆರೆಯ ಕೂದಲು ಹಚ್ಚಿದಾಗ ಅದು ಹೆಣ್ಣು. ಏನೂ ಹಚ್ಚದಿದ್ದಾಗ ಓದುಗ ಅದನ್ನು ಗಂಡೆಂದೇ ಓದುತ್ತಾನೆ. ಗುರುತಿಲ್ಲದಿರುವುದು ಎಂಬುದಕ್ಕೂ ಒಂದು ಗುರುತಿದೆ.

ಎರಡನೆಯದು ಗ್ರಂಥಾಲಯಗಳಿಗೆ ಸಂಬಂಧಿಸಿದ ಪ್ರಶ್ನೆ. 2013ರ ಮಾರ್ಚಿನಿಂದ ಜುಲೈವರೆಗೆ ಪ್ರಕಟವಾದ ‘ಟೈಮ್’ ಒಂದೇ ಚಿತ್ರವೆಂಬಂತೆ ಆರಂಭವಾಗಿ, ಮೊದಲು ಅರ್ಧ ಗಂಟೆಗೊಮ್ಮೆ, ಬಳಿಕ ಗಂಟೆಗೊಮ್ಮೆ ಬದಲಾಗುತ್ತ 3,099 ಚೌಕಟ್ಟುಗಳ ಕಥನವಾಯಿತು. ಬತ್ತಿದ ಮೆಡಿಟರೇನಿಯನ್ ಸಮುದ್ರ ಮತ್ತೆ ತುಂಬುವ ದೂರಭವಿಷ್ಯದ ಕಥೆ ಅದು. ಕಾಲ ಯಾವುದೆಂಬುದನ್ನು ಓದುಗರು ಚಿತ್ರದ ನಕ್ಷತ್ರಗಳ ಸ್ಥಾನದಿಂದ ಲೆಕ್ಕಹಾಕಿದರು. 2014ರಲ್ಲಿ ಅದಕ್ಕೆ ಹ್ಯೂಗೊ ಪ್ರಶಸ್ತಿ ಸಂದಿತು. ಹೊಸ ಚೌಕಟ್ಟು ಬಂದಾಗ ಹಳೆಯದು ಪುಟದಿಂದ ಮರೆಯಾಗುತ್ತಿತ್ತು. ಅವನ್ನು ಕೂಡಿಸಿಟ್ಟವರು ಓದುಗರು. ರಾತ್ರಿಯಿಡೀ ನಡೆದು ಬೆಳಗಿಗೆ ಮುಗಿಯುವ ಆಟದಂತೆ ಇದು ಕಾಲದಲ್ಲಿ ನಡೆದ ಪ್ರದರ್ಶನ. ಅದನ್ನು ಮುದ್ರಿಸಿದರೆ ಗಂಟೆಗಳ ಕಾಯುವಿಕೆ ಇಲ್ಲವಾಗುತ್ತದೆ. ಸಾಧಾರಣ ಚಿತ್ರವೊಂದನ್ನು ಮುದ್ರಿಸಿದಾಗಲೂ ಅಡಗಿದ ವಾಕ್ಯಕ್ಕೆ ಬೇರೆ ಜಾಗ ಹುಡುಕಬೇಕಾಗುತ್ತದೆ. ಹಾಡನ್ನು ಬರೆದುಕೊಂಡು ದನಿಯನ್ನು ಬಿಟ್ಟುಬಂದ ಆರಂಭಕಾಲದ ಜಾನಪದ ಸಂಗ್ರಹಗಳ ಕೊರತೆಯನ್ನು ಇಲ್ಲಿ ಮರುಕಳಿಸಲು ಬಿಡಬಾರದು. ಒಬ್ಬನೇ ವ್ಯಕ್ತಿ ನಡೆಸುವ ಯೋಜನೆಗೆ ಉತ್ತರಾಧಿಕಾರಿಯಿಲ್ಲ. ಆತ ನಿಲ್ಲಿಸಿದ ದಿನ ಅದನ್ನು ಕಾಯುವವರು ಯಾರೆಂಬುದು ಮುಂಚೆಯೇ ನಿರ್ಧಾರವಾಗಬೇಕಾದ ವಿಷಯ.

8. ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಏಕವ್ಯಕ್ತಿ ಯೋಜನೆ ರಚನೆಯಲ್ಲಿ ಮಾತ್ರ ಏಕವ್ಯಕ್ತಿಯದು; ಉಳಿವಿನಲ್ಲಿ ಅದು ಸಮುದಾಯದ್ದು. ಎರಡು, ಅದರ ನಂಬಿಕೆಯ ಆಧಾರ ಪದವಿಯಾಗಲಿ ಸಂಸ್ಥೆಯಾಗಲಿ ಅಲ್ಲ. ಆಕರವನ್ನೂ ಅರಿವಿನ ಎಲ್ಲೆಯನ್ನೂ ಚಿತ್ರದೊಳಗೇ ಬಿಟ್ಟುಕೊಡುವ ಪ್ರಾಮಾಣಿಕತೆ. ಮೂರು, ನಗುವಿನಿಂದ ದೊರೆಯುವ ಸಲುಗೆಗೆ ಬೆಲೆಯಿದೆ; ಆ ಬೆಲೆಯನ್ನು ತೆರುವವರು ಸಾಮಾನ್ಯವಾಗಿ ಗುಂಪಿನ ಹೊರಗೆ ನಿಂತವರು.

ಕನ್ನಡದಲ್ಲಿ ಇಂತಹ ಕೆಲಸಕ್ಕೆ ಮುಂದಾಗುವವರಿಗೆ ಮನ್ರೋ ಅವರ ಕಡ್ಡಿಚಿತ್ರಗಳ ಅನುಕರಣೆ ಅಷ್ಟಾಗಿ ಪ್ರಯೋಜನಕ್ಕೆ ಬಾರದು. ಎಚ್ಚರಿಕೆಯನ್ನು ಚಿತ್ರಕ್ಕೇ ಹೊಲಿಯುವ ಅವರ ಕ್ರಮವೂ, ಹೆಸರನ್ನು ಕೈಬಿಡದ ಸ್ವಾಮಿಯವರ ಕ್ರಮವೂ ಒಂದೆಡೆ ಕೂಡಿದರೆ ಅದು ಕನ್ನಡದ್ದೇ ಆದ ಮಾರ್ಗವಾದೀತು. ಅಂತಹ ಕೃತಿಗಳನ್ನು ಅವು ಮರೆಯಾಗುವ ಮುನ್ನವೇ ಗುರುತಿಸಿ, ಅವುಗಳ ಪ್ರದರ್ಶನ ಸಂದರ್ಭದ ಸಮೇತ ದಾಖಲಿಸುವ ಹೊಣೆಯನ್ನು ಜಾನಪದ ಸಂಶೋಧನೆ ಮತ್ತು ಗ್ರಂಥಾಲಯಗಳು ಹಂಚಿಕೊಳ್ಳಬೇಕಾಗಿದೆ.